ಕೊಡದ ಮೇಲಿನ ಡ್ರಮ್ಮು

ಮಾನ್ವಿಯ ನಮ್ಮ ಮನೆಗೆ ನೀವು ಬಂದರೆ ಮೊದಲು ನೀರು ಕೊಡುತ್ತೇವೆ. ಆಗ ನಿಮ್ಮ ಕಣ್ಣು ಕೊಡದ ಮುಚ್ಚಳದ ಮೇಲೆ ಬೀಳದೆ ಇರದು. ಹಾಲಿನ ಬಣ್ಣದ ದುಂಡನೆಯ ಪ್ಲಾಸ್ಟಿಕ್ ಹಾಳೆ ಅದು. ನಡುವೆ ಹಪ್ಪಳದಂತೆ ಉಬ್ಬಿದೆ, ಒಂದು ಅಂಚು ಸುಕ್ಕುಗಟ್ಟಿ ಮೇಲೆದ್ದಿದೆ. ಇದೇನೆಂದು ಬಂದವರು ಕೇಳಿದರೆ ನಾನು ಮಾತು ಮರೆಸಿ ಮಳೆಯ ವಿಚಾರ ತೆಗೆಯುತ್ತೇನೆ. ನನ್ನ ಹೆಂಡತಿ ಹುಸೇನಮ್ಮನಿಗೆ ಆ ಕರುಣೆ ಇಲ್ಲ. "ಅದು ನಮ್ಮ ಯಜಮಾನ್ರು ಮಾಡಿದ ಸಂಗೀತ ಸೇವಾ ರೀ," ಎಂದು ನಗುತ್ತಾಳೆ. ಅವಳು ಹೇಳಿದರೆ ಬಾಲ ಹಚ್ಚಿ ಹೇಳುತ್ತಾಳೆ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

ಮೂರನೆಯ ಇಯತ್ತೆಗೆ ಶಾಲೆಗೆ ಶರಣು ಹೊಡೆದು ಬಂದವನು ನಾನು. ಅಂಥವನಿಗೂ ಒಂದು ಮೆಚ್ಚಿನ ಆಲ್ಬಂ ಇದೆ ಎಂದರೆ ನೀವು ನಂಬಬೇಕು. ಅದರ ಹೆಸರು 'ತೂಬು'. ಬಾರಿಸಿದವಳು ನನ್ನ ಮೊಮ್ಮಗಳು ಸುಜಾತಾ. ಹಗಲು ರಾಯಚೂರಿನ ಆಸ್ಪತ್ರೆಯಲ್ಲಿ ನರ್ಸು, ಸಂಜೆ ಡ್ರಮ್ಮು. ಈ ಬಗೆಯ ಸಂಗೀತಕ್ಕೆ ಪ್ರೋಗ್ರೆಸಿವ್ ಮೆಟಲ್ ಅನ್ನುತ್ತಾರಂತೆ. ಹಾಗೆಂದರೇನು ಎಂದು ಕೇಳಿದ್ದಕ್ಕೆ, "ಹಾಡು ಹೊಂಟ ಜಾಗದಾಗ ನಿಂದ್ರಂಗಿಲ್ಲ ತಾತ, ಮುಂದ ಮುಂದ ಹೋಗ್ತದ," ಎಂದಳು. ಅದು ನಿಜ. ಹೋದದ್ದು ಕೆಲವೊಮ್ಮೆ ಮರಳಿ ಬರುವುದೂ ಇಲ್ಲ.

ಗುಣವನ್ನು ಮೊದಲು ಹೇಳಿಬಿಡುತ್ತೇನೆ, ತಾತನಾದವನ ಧರ್ಮ ಅದು. ಐದು ಹಾಡುಗಳೂ ಸೇರಿ ಒಂದೇ ಕಥೆ: ಮೇಲ್ಗಡೆ ತೂಬು ತೆಗೆದಾಗ ಹೊರಟ ಕಾಲುವೆಯ ನೀರು, ಹಾದಿಯಲ್ಲಿ ಎಲ್ಲರ ಗದ್ದೆಗೂ ಕೈಯೆತ್ತಿ ಕೊಟ್ಟು, ಕಟ್ಟಕಡೆಯ ಹೊಲಕ್ಕೆ ಬೆರಳು ನೆನೆಯುವಷ್ಟಾದರೂ ಉಳಿದೀತೇ ಎಂಬ ಕಥೆ. ಕಾಲುವೆಯ ತುದಿಯಲ್ಲಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ಪುರಾಣ ಬೇಕಿಲ್ಲ. ಹಾಡುವವಳು ಇಲ್ಲಿಯ ಗುಡಿಯ ಆಚಾರ್ಯರ ಮಗಳು ರಮಾ. ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸದು. ಹಾಡಿದರೆ ದೂರದ ಬಾಗಲವಾಡದ ಎಮ್ಮೆಗಳು ಕಿವಿ ನಿಮಿರಿಸಬೇಕು, ಅಂಥ ಗುಟುರು.

ದೋಷವೂ ಇದೆ. ಮೂರನೆಯ ಹಾಡು ಹದಿಮೂರು ನಿಮಿಷದ್ದು. ಅಷ್ಟರಲ್ಲಿ ಹುಸೇನಮ್ಮ ಆರು ರೊಟ್ಟಿ ಬಡಿದು, ಮುಗೀತೋ ಇಲ್ಲೋ ಎಂದು ಎರಡು ಸಲ ಕೇಳುತ್ತಾಳೆ. ಗಿಟಾರುಗಳು ಒಮ್ಮೊಮ್ಮೆ ಒಂದರ ಮಾತನ್ನು ಇನ್ನೊಂದು ಕಿತ್ತುಕೊಂಡು ಗ್ರಾಮಸಭೆ ನಡೆಸುತ್ತವೆ. ಸಿರವಾರಕ್ಕೆ ಹೋಗುವ ಬಸ್ಸಿನಲ್ಲಿ ಊರಿಗೆಲ್ಲ ಕೇಳಲಿ ಎಂದು ನಾನು ಹಿಗ್ಗಿನಿಂದ ಫೋನು ಹಚ್ಚಿದಾಗ, ಡ್ರೈವರು ಬಸ್ಸು ನಿಲ್ಲಿಸಿ ಇಳಿದುಹೋಗಿ ಇಂಜಿನ್ ನೋಡಿ ಬಂದ. ಇನ್ನೊಂದು ದೋಷವಿದೆ, ಅದು ನಾನೇ. ಅದಕ್ಕೆ ಬರುತ್ತೇನೆ.

ಒಂದು ಕಾಲಕ್ಕೆ ನಾನು ಹಲಗೆ ಬಾರಿಸುತ್ತಿದ್ದೆ. ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಬೆಂಕಿಯ ಸುತ್ತ ಜನ ಹೆಜ್ಜೆ ಹಾಕುವಾಗ ನನ್ನ ಅಪ್ಪ ಕಲಿಸಿದ ಏಳರ ಲೆಕ್ಕ ಒಂದಿತ್ತು: ಆರು ಪೆಟ್ಟು ಬಡಿಯಬೇಕು, ಏಳನೆಯದಕ್ಕೆ ಕೋಲೆತ್ತಿ ಸುಮ್ಮನಿರಬೇಕು. ಆ ತೆರಪಿನಲ್ಲಿ ಕುಣಿಯುವವರ ಪಾದ ನೆಲಕ್ಕೆ ಬೀಳುತ್ತದೆ. "ಏಳನೇ ಪೆಟ್ಟು ನಿಂದಲ್ಲಲೇ, ಕೇಳೋರದು," ಎನ್ನುತ್ತಿದ್ದ ಅಪ್ಪ. ನನ್ನ ಮಗ, ಸುಜಾತಾಳ ಅಪ್ಪ, ದೇವದುರ್ಗದಲ್ಲಿ ಮಾಸ್ತರಿಕೆ ಸಿಕ್ಕಿದಾಗ, "ಕರೆದಲ್ಲಿ ಹೋಗಿ ಬಡಿಯೋದು ನಿನಗ ಮುಗೀಲಿ ಯಪ್ಪಾ," ಎಂದ. ಕರೆಯುವ ದನಿಯಲ್ಲಿ ಎಂಥ ತಾತ್ಸಾರವಿರುತ್ತಿತ್ತೆಂದು ಅವನೂ ಕೇಳಿ ಬೆಳೆದಿದ್ದ, ಅವನದು ತಪ್ಪಲ್ಲ. ಹಲಗೆಯನ್ನು ನಾನೇ ಗೂಟಕ್ಕೆ ಹಾಕಿದೆ. ಆದರೆ ಬೆರಳುಗಳನ್ನು ಯಾವ ಗೂಟಕ್ಕೆ ಹಾಕಲಿ? ಕೂಸಾಗಿದ್ದ ಸುಜಾತಾಳನ್ನು ಭುಜದ ಮೇಲೆ ಹಾಕಿಕೊಂಡು ಬೆನ್ನ ಮೇಲೆ ಎರಡು ಬೆರಳಿನಿಂದ ಅದೇ ಆರು ತಟ್ಟಿ ಒಂದು ಬಿಡುತ್ತಿದ್ದೆ; ಬಿಟ್ಟ ಆ ಏಳನೆಯದರಲ್ಲೇ ಅವಳು ನಿದ್ದೆಗೆ ಜಾರುತ್ತಿದ್ದಳು.

ಹೋದ ವರ್ಷ ಅವಳು ಆ ಮೂರನೆಯ ಹಾಡಿನ ಕಚ್ಚಾ ಪ್ರತಿ ಕೇಳಿಸಿದಳು. ನಡುವೆ ಗಿಟಾರು ತಗ್ಗಿದಾಗ ಬಂತು ನೋಡಿ, ಬೆನ್ನ ಮೇಲಿನ ಆ ಏಳರ ಲೆಕ್ಕ! ನನಗೆ ಕಣ್ಣೂ ಮೂಗೂ ಒಂದಾಯಿತು. ಆದರೆ ಅವಳು ಏಳನೆಯದನ್ನೂ ಬಡಿದಿದ್ದಳು, ಎಡಗಡೆಯ ಸಣ್ಣ ಡ್ರಮ್ಮಿನ ಮೇಲೆ, ಗಟ್ಟಿಯಾಗಿ. ಪಾದ ಇಡಲು ಜಾಗವೇ ಇರಲಿಲ್ಲ. ನನ್ನ ಕಾಲು ಎದ್ದು, ಎಲ್ಲಿ ಇಳಿಯಬೇಕೆಂದು ತಿಳಿಯದೆ, ಚಪ್ಪಲಿ ಕಳೆದುಕೊಂಡವರಂತೆ ನಿಂತಿತು.

"ಹೆಂಗದ ತಾತ?"

"ಭಾರಿ ಅದ!"

"ಏನರ ತಪ್ಪು?"

"ಒಂದಿಷ್ಟೂ ಇಲ್ಲ ನನ್ನವ್ವ, ಭಾರಿ ಅಂದ್ರ ಭಾರಿ!"

ಅವಳು ಫೋನು ಬಂದ್ ಮಾಡಿದಳು. "ಭಾರಿ ಅನ್ನಾಕ ಊರ ತುಂಬ ಮಂದಿ ಅದಾರ. ನಿನ್ನ ಕಿವಿ ಬೇಕಂತ ಮಾನ್ವಿ ತನಕ ಬಂದೀನಿ. ನಾಳಿ ರೆಕಾರ್ಡಿಂಗ್ ಅದ. ಈ ಹಾಡು ಎಲ್ಲೋ ಉಸಿರು ಕಟ್ಟಾಕತ್ತದ, ಎಲ್ಲಿ ಅಂತ ನನಗ ತಿಳಿವಲ್ದು. ನಿನಗ ತಿಳಿದೈತಿ, ಹೇಳವಲ್ಲಿ."

"ಹೇಳು, ಬಾಯಾಗೇನು ರೊಟ್ಟಿ ಅದ ಏನು?" ಎಂದಳು ಒಳಗಿನಿಂದ ಹುಸೇನಮ್ಮ.

ಹೇಳಲಾಗಲಿಲ್ಲ. ನಾನು ಗೂಟಕ್ಕೆ ಹಾಕಿದ್ದನ್ನು ಯಾರೂ ಹೇಳದೆ ಇಳಿಸಿಕೊಂಡ ಕೂಸಿಗೆ, ನೀನು ಹಿಡಿದದ್ದು ಸೊಟ್ಟಗಿದೆ ಎನ್ನಲು ಯಾವ ನಾಲಿಗೆ ಏಳುತ್ತದೆ? "ನಾಳಿ ಬಂದು ಬಾರಿಸೇ ತೋರಸ್ತೀನಿ," ಎಂದುಬಿಟ್ಟೆ. ಹೇಡಿಗಳಿಗೆ ನಾಳೆ ಎಂಬುದು ಬಲು ದೊಡ್ಡ ಆಸರೆ.

ಮರುದಿನ ರಾಯಚೂರಿನಲ್ಲಿ, ಹತ್ತಿ ಗೋದಾಮಿನ ಹಿಂದಿನ ಒಂದು ಬಾಡಿಗೆ ಕೋಣೆ. ಹೊರಗಿನ ಸದ್ದು ಬರಬಾರದೆಂದು ಗೋಡೆಗೆಲ್ಲ ಹುಸೇನಮ್ಮ ಹಳೆ ಸೀರೆಯಲ್ಲಿ ಹೊಲಿದ ಕೌದಿಗಳನ್ನು ತೂಗುಹಾಕಿದ್ದರು. ಧ್ವನಿ ಹಿಡಿಯುವ ಯಂತ್ರಗಳೊಂದಿಗೆ ಹೈದರಾಬಾದಿನಿಂದ ಬಂದವರು ಸಂಜೆಯ ಗಾಡಿಗೆ ಹಿಂದಿರುಗುವವರಿದ್ದರು. ಮಧ್ಯಾಹ್ನ ಎಲ್ಲರೂ ಚಹಾ ಕುಡಿಯಲು ಹೋದಾಗ ನಾನೊಬ್ಬನೇ ಉಳಿದೆ. ಮೊಮ್ಮಗಳಿಗೆ ತೋರಿಸುವ ಮುನ್ನ ಕೈ ಪಳಗಿಸಿಕೊಳ್ಳೋಣವೆಂದು ಎಡಗಡೆಯ ಆ ಸಣ್ಣ ಡ್ರಮ್ಮನ್ನು ಬೆರಳಿನಿಂದ ತಟ್ಟಿದೆ. ಹಿಂದಿನ ದಿನ ಮಳೆಯಾಗಿತ್ತು. ಅದರ ದನಿ ನನಗೆ ನೆಗಡಿಯಾದವನ ದನಿಯಂತೆ ಕೇಳಿಸಿತು. ಹಲಗೆಗೆ ಹೀಗಾದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಡ್ರಮ್ಮನ್ನು ಬಿಚ್ಚಿಕೊಂಡು ಹಿತ್ತಲಿಗೆ ಹೋದೆ, ಒಣಗಿದ ಹತ್ತಿಕಟ್ಟಿಗೆ ಒಟ್ಟಿ ಕಡ್ಡಿ ಗೀರಿದೆ, ಅಪ್ಪನಂತೆಯೇ ಕಣ್ಣು ಅರೆಮುಚ್ಚಿ, ಚರ್ಮವನ್ನು ಉರಿಗೆ ಒಡ್ಡಿ ತಿರುಗಿಸಿದೆ.

ಚರ್ಮವಾಗಿದ್ದರೆ ಬಿಗಿಯುತ್ತಿತ್ತು. ಇದು ಮೊದಲು ನಕ್ಕಂತೆ ಉಬ್ಬಿತು, ಆಮೇಲೆ ಅತ್ತಂತೆ ಸುಕ್ಕಾಯಿತು.

ಮೊದಲು ಬಂದವಳು ರಮಾ. ಬೆಂಕಿಯನ್ನು ನೋಡಿದಳು, ನನ್ನನ್ನು ನೋಡಿದಳು. ಹದಿಮೂರು ನಿಮಿಷ ಗುಟುರು ಹಾಕಬಲ್ಲ ಆ ಹುಡುಗಿ ಪಿಸುಗುಟ್ಟಿದಳು: "ತಾತ, ಅದು ಪ್ಲಾಸ್ಟಿಕ್ ರೀ."

ಸುಜಾತಾ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ರಾಯಚೂರಿನಲ್ಲಿ ಅಂಥ ಹಾಳೆ ಸಿಗದು, ಗಾಡಿ ಕಾಯದು. ನಾನು ತಲೆ ತಗ್ಗಿಸಿಕೊಂಡು, ನಿನ್ನೆಯೇ ಆಡಬೇಕಿದ್ದ ಮಾತನ್ನು ಆಗ ಆಡಿದೆ: "ತಪ್ಪದ, ಯವ್ವಾ. ಏಳನೇದ್ದು ನೀ ಬಡೀಬಾರ್ದು. ಅದು ಕೇಳೋರ ಕಾಲಿಂದು. ನಿನ್ನ ಬೆನ್ನ ಮ್ಯಾಲ ನಾ ಯಾವತ್ತೂ ಏಳು ತಟ್ಟಿಲ್ಲ."

ಅವಳು ನನ್ನ ಕೈಯಿಂದ ಡ್ರಮ್ಮನ್ನು ತೆಗೆದುಕೊಂಡಳು. "ಇಷ್ಟು ಹೇಳಾಕ ಡ್ರಮ್ಮು ಸುಡಬೇಕಾತಾ?"

ಡ್ರಮ್ಮಿಲ್ಲದ ಜಾಗವನ್ನು ಖಾಲಿ ಬಿಟ್ಟೇ ಬಾರಿಸಲು ಕುಳಿತಳು. ನಾನು ಮೂಲೆಯಲ್ಲಿ ಕೌದಿಗೆ ಒರಗಿ, ಉಸಿರನ್ನೂ ಮೆಲ್ಲಗೆ ಬಿಡುತ್ತ ನಿಂತೆ. ಗಿಟಾರು ತಗ್ಗಿತು. ಆರು ಪೆಟ್ಟಾದವು. ರೂಢಿಯ ಬಲದಿಂದ ಅವಳ ಎಡಗೈ ಆ ಖಾಲಿ ಜಾಗದತ್ತ ಹಾರಿ, ಗಾಳಿಯಲ್ಲಿ ಕೋಲು ನಿಂತುಬಿಟ್ಟಿತು. ಆ ತೆರಪಿನಲ್ಲಿ ಕೊನೆಯ ಹೊಲಕ್ಕೆ ನೀರು ಬಂತೆಂದೇ ಅನ್ನಿಸಿತು ನನಗೆ. ನನ್ನ ಪಾದ ನೆಲಕ್ಕೆ ಬಿತ್ತು; ಬೀಳುವಾಗ ಬಾಯಿಯೂ ತನ್ನಷ್ಟಕ್ಕೆ ತೆರೆದು, "ಹಾ!" ಎಂದು ಅಲಾಯಿ ಕುಣಿಯ ಮುಂದಿನ ಅದೇ ಕೂಗು ಹಾಕಿತು.

ಹೀಗಾಗಿ 'ತೂಬು' ಆಲ್ಬಮ್ಮಿನ ಮೂರನೆಯ ಹಾಡಿನ ನಡುವೆ, ಎಲ್ಲ ನಿಶ್ಶಬ್ದವಾದ ಜಾಗದಲ್ಲಿ, ಹಲ್ಲಿಲ್ಲದ ಮುದುಕನೊಬ್ಬ ಕೂಗುತ್ತಾನೆ. ನಾನು ಹೇಳಿದ ಆ ಇನ್ನೊಂದು ದೋಷ ಅದೇ. ತೆಗೆದುಬಿಡು ಎಂದು ಕೈಮುಗಿದೆ. "ಏಳನೇದು ಕೇಳೋರದು ಅಂದಿ. ನೀ ಕೇಳಿದಿ, ನೀನಽ ಕೂಗಿದಿ. ಇರ್ಲಿ," ಎಂದಳು. ಮಗ ದೇವದುರ್ಗದಿಂದ ಫೋನು ಮಾಡಿ, "ಹಾಡು ಕೇಳಿದೆ ಯಪ್ಪಾ. ನಿನ್ನ ದನಿ ಗುರ್ತು ಹಿಡದೆ," ಎಂದ.

ಕೆಟ್ಟ ಹಾಳೆಯನ್ನು ನಾನು ಬಗಲಲ್ಲಿ ಇಟ್ಟುಕೊಂಡು ಮನೆಗೆ ತಂದೆ. ಮುಚ್ಚಳವಾಗಿ ನೋಡಿದರೆ ಅದಕ್ಕೆ ದೋಷವೇ ಹೆಚ್ಚು: ಕೊಡದ ಬಾಯಿಗೆ ಸರಿಯಾಗಿ ಕೂಡುವುದಿಲ್ಲ, ಎದ್ದ ಅಂಚಿನ ಸಂದಿಯಿಂದ ಇರುವೆ ಇಣುಕುತ್ತದೆ. ಹುಸೇನಮ್ಮ ದಿನಾಲು ಅದನ್ನು ತಿಪ್ಪೆಗೆ ಎಸೆಯುತ್ತೇನೆ ಎನ್ನುತ್ತಾಳೆ. ಮೊನ್ನೆ ನಾನು ಅಂಗಳದಲ್ಲಿ ಬಾಗಿಲ ಮರೆಗೆ ಕುಳಿತಿದ್ದಾಗ ಅವಳು ಅದನ್ನು ತೊಳೆದು, ಸೆರಗಿನಿಂದ ಒರೆಸಿ, ಕೊಡದ ಮೇಲಿಟ್ಟಳು. ಯಾರೂ ಇಲ್ಲವೆಂದು ಅತ್ತಿತ್ತ ನೋಡಿ, ಎರಡು ಬೆರಳಿನಿಂದ ಅದರ ಮೇಲೆ ತಟ್ಟಿದಳು. ಒಂದು, ಎರಡು, ಆರರ ತನಕ. ಏಳನೆಯದಕ್ಕೆ ಬೆರಳೆತ್ತಿ ಸುಮ್ಮನೆ ನಿಂತಳು.

ನನ್ನ ಬಾಯಿ ಯಾವಾಗ ನನ್ನ ಮಾತು ಕೇಳಿದೆ? "ಹಾ!" ಎಂದೆ.

"ಸಾಕು, ಅದೇನು ಕೂಗು!" ಎಂದಳು ಹುಸೇನಮ್ಮ, ಮುಖ ಆಚೆ ತಿರುಗಿಸಿ. "ನೀರು ಬೇಕಾದ್ರ ಎದ್ದು ಬಂದು ಕುಡಿ."