ಕಂಡಕ್ಟರಮ್ಮನ ಹಿತ್ತಲ ಮನೆ

ಬಸ್ಸಿನಲ್ಲಿ ಸೀಟಿ ಊದುತ್ತಲೇ ತಲೆ ನರೆಸಿಕೊಂಡವರು ಕಂಡಕ್ಟರಮ್ಮ. ನಿವೃತ್ತರಾಗಿ ವರ್ಷಗಳಾದರೂ ಬೀದಿಯವರ ಬಾಯಿಂದ ಆ ಹೆಸರು ಹೋಗಿರಲಿಲ್ಲ, ಅವರ ಗಂಟಲಿನ ಜೋರೂ ಇಳಿದಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳು, ಅಳಿಯ ಬಂದು ಅವರ ಮನೆಯಲ್ಲೇ ನಿಂತರು. ಅಳಿಯ ಮದುವೆ ಮನೆಗಳಿಗೆ ಅಡುಗೆ ಮಾಡಿಕೊಡುವ ಬಾಣಸಿಗ.

ಫಜೀತಿ ಶುರುವಾದದ್ದು ಅಲ್ಲೇ. ಇಬ್ಬರಿಗೂ ತಮ್ಮ ಕೈರುಚಿಯೇ ರುಚಿ. ಅತ್ತೆ ಒಗ್ಗರಣೆ ಹಾಕಿ ಈಚೆ ಬಂದರೆ ಅಳಿಯ ಆಚೆಯಿಂದ ಹೋಗಿ ಇನ್ನೊಂದು ಹಾಕುತ್ತಿದ್ದ. ಮಾತಿನಲ್ಲಿ ಮರ್ಯಾದೆಗೆ ಕೊರತೆಯಿಲ್ಲ. ಅಡುಗೆಮನೆಯಲ್ಲಿ ಮಾತ್ರ ಒಂದೇ ಒರೆಯಲ್ಲಿ ಎರಡು ಕತ್ತಿ.

"ಹಿತ್ತಲಲ್ಲಿ ನನಗೊಂದು ಪುಟ್ಟ ಮನೆ ಕಟ್ಟಿಸ್ಕೋತೀನಿ," ಎಂದರು ಕಂಡಕ್ಟರಮ್ಮ ಒಂದು ಬೆಳಿಗ್ಗೆ.

ಅಳಿಯನ ಮುಖ ಬಾಡಿತು. "ಅತ್ತೇನ ಹಿತ್ತಲಿಗೆ ಅಟ್ಟಿದ ಅಂತ ಜನ ನನ್ನ ಆಡ್ಕೊಳಲ್ವಾ ಅತ್ತೆ?"

"ಅಟ್ಟೋಕೆ ನಾನೇನು ಕೋಳೀನಾ? ನಾನೇ ಹೋಗ್ತಿರೋದು."

ನಗರಸಭೆಯಲ್ಲಿ ನಕ್ಷೆ ನೋಡುವ ಮೇಡಂ ಸಮಾಧಾನದ ಹೆಂಗಸು. ನಕ್ಷೆಯ ಮೇಲೆ ಬೆರಳಿಟ್ಟು ಹೇಳಿದರು: "ಅಮ್ಮ, ಒಲೆ ಇಲ್ಲದಿದ್ರೆ ಇದು ಬರೀ ರೂಮು, ಅನುಮತಿ ಬೇಗ ಸಿಗುತ್ತೆ. ಒಲೆ ಬಂತೋ, ಎರಡನೇ ಮನೆ ಅಂತ ಲೆಕ್ಕ. ಕಾಂಪೌಂಡಿನ ಪಕ್ಕ ಜಾಗ ಬಿಡಬೇಕು. ಬೆಂಕಿ ಬಿದ್ರೆ ಪೈಪು ಎಳ್ಕೊಂಡು ಹೋಗೋಕೆ ಗೇಟಿಂದ ಹಿತ್ತಲವರೆಗೂ ಅಡ್ಡಿಯಿಲ್ಲದ ದಾರಿ ಬೇಕು."

"ಒಲೆ ಇಲ್ಲದ ಮನೆ ನಂಗ್ಯಾಕೆ ತಾಯಿ? ಅದಕ್ಕೇ ತಾನೇ ಇಷ್ಟೆಲ್ಲ ಒದ್ದಾಟ!"

ದಾರಿಗೇನೋ ಜಾಗವಿತ್ತು. ಆದರೆ ಮನೆಯ ಪಕ್ಕದ ಆ ಓಣಿಯಲ್ಲಿ ಅಳಿಯನ ತಗಡಿನ ಶೆಡ್ಡು ಕೂತಿತ್ತು. ಅವನ ಕೊಪ್ಪರಿಗೆ, ಹಂಡೆ, ಉದ್ದುದ್ದ ಸೌಟುಗಳೆಲ್ಲ ಅದರೊಳಗೆ. ಮೊದಲ ದುಡಿಮೆಯಲ್ಲಿ ಅವನೇ ಕೈಯಾರೆ ಕಟ್ಟಿದ್ದು. ಅದನ್ನು ಕೆಡವಿ ಎನ್ನಲು ಅಷ್ಟು ಬಾಯಿದ್ದ ಕಂಡಕ್ಟರಮ್ಮನಿಗೂ ಬಾಯಿ ಬರಲಿಲ್ಲ. ಮಗಳಿಗಷ್ಟೇ ವಿಷಯ ತಿಳಿಸಿ, "ರೂಮೇ ಸಾಕು ಬಿಡು," ಎಂದು ಸುಮ್ಮನಾದರು.

ಹೆಂಡತಿಗೆ ಹೇಳಿದ್ದು ಗಂಡನ ಕಿವಿ ಮುಟ್ಟದೆ ಇರುತ್ತದೆಯೇ? ಆ ಭಾನುವಾರ ಕಂಡಕ್ಟರಮ್ಮ ತರಕಾರಿ ಚೀಲದೊಂದಿಗೆ ಗೇಟು ತೆಗೆದರೆ ದಡಬಡ ಸದ್ದು. ಅಳಿಯ ಏಣಿ ಹತ್ತಿ ಶೆಡ್ಡಿನ ತಗಡು ಕೀಳುತ್ತಿದ್ದಾನೆ!

"ಅಯ್ಯೋ, ನಿಮಗೇನು ತಲೆ ಕೆಟ್ಟಿದೆಯಾ?"

"ಒಲೆ ಇಲ್ದೆ ನೀವು ಒಂದು ದಿನಾನೂ ಇರೋಲ್ಲ ಅತ್ತೆ. ಮತ್ತೆ ಈ ಅಡುಗೆಮನೆಗೇ ಬರ್ತೀರ. ಆಮೇಲೆ ಕಷ್ಟ ನಂದೇ!"

ಕಂಡಕ್ಟರಮ್ಮನಿಗೆ ನಗು ಬಂತು. ಚೀಲ ಕೆಳಗಿಟ್ಟು ಏಣಿ ಗಟ್ಟಿಯಾಗಿ ಹಿಡಿದು ನಿಂತರು. ಮೇಲಿನಿಂದ ತಗಡು ಇಳಿಯತೊಡಗಿದಂತೆ ಹಳೆಯ ಗಂಟಲು ತಾನಾಗಿ ತೆರೆಯಿತು: "ರೈಟ್, ರೈಟ್... ಇನ್ನೂ ಸ್ವಲ್ಪ... ಹೋಲ್ಡಾನ್!" ಬೀದಿಯ ಮಂದಿ ಕಾಂಪೌಂಡಿಗೆ ಬಂದು ನಿಂತು ನೋಡಿದರು.

ಹೊಸ ನಕ್ಷೆಗೆ ಅನುಮತಿ ಬಂತು. ಅಳತೆಗೆ ಬಂದ ಇನ್ಸ್‌ಪೆಕ್ಟರ್ ಟೇಪು ಹಿಡಿದು ಓಣಿಯುದ್ದಕ್ಕೂ ನಡೆದು ತಲೆಯಾಡಿಸಿದ. ಮನೆ ಎದ್ದಿತು: ಒಂದು ಕೋಣೆ, ಬಚ್ಚಲು, ಕಿಟಕಿಯ ಕೆಳಗೆ ಒಲೆಕಟ್ಟೆ. ನೆಲೆ ತಪ್ಪಿದ ಕೊಪ್ಪರಿಗೆಗಳಿಗಾಗಿ ಕಂಡಕ್ಟರಮ್ಮ ತಾವೇ ಹೇಳಿ ಅಗಲವಾದ ಅಟ್ಟ ಹಾಕಿಸಿದರು.

ಅಲ್ಲಿಗೆ ಹೋದ ಮೊದಲ ಸಂಜೆ ಅವರು ಒಲೆ ಹಚ್ಚಿ, ತಮಗೆ ಬೇಕಾದಂತೆ ಬೇಯಿಸಿ, ತಟ್ಟೆಯ ಮುಂದೆ ಕೂತರು. ಯಾರೂ ಏನೂ ಅನ್ನಲಿಲ್ಲ. ಎರಡು ತುತ್ತು ತಿಂದರು. ಆಗಲೂ ಯಾರೂ ಏನೂ ಅನ್ನಲಿಲ್ಲ. ಎದ್ದು ಬಾಗಿಲಿಗೆ ಬಂದರು.

"ಏನ್ರೀ, ಅಲ್ಲಿ ಯಾರಿಗೂ ಹಸಿವಿಲ್ವಾ? ಬನ್ನಿ ಎಲ್ಲ!"

ಮಗಳು ನಗುತ್ತ ತಟ್ಟೆ ಹಿಡಿದು ಬಂದಳು. ಹಿಂದೆಯೇ ಅಳಿಯ, ಕೈಯಲ್ಲಿ ಎರಡು ಸ್ಟೂಲು.