ಕ್ರೌನ್ ಬದಲಾದ ದಿನ ಬಿದ್ದ ಬೀಗ

ಮೊದಲು ಲಾರಿಯ ಕ್ರೌನ್ ಬದಲಾಯಿತು, ಆಮೇಲೆ ಡೀಸೆಲ್ ಟ್ಯಾಂಕಿಗೆ ಬೀಗ ಬಿತ್ತು. ನಾನು ಹೀಗೇ ಹೇಳುತ್ತ ಬಂದಿದ್ದೇನೆ. ಹೀಗೆ ಹೇಳಿದರೆ ನಾನು ಕಳ್ಳನಲ್ಲ. ಆದ್ದರಿಂದಲೇ ಈ ಕ್ರಮವನ್ನು ನಂಬಬೇಡಿ.

ಲಾರಿ ನನ್ನ ಸೋದರಮಾವನದು. ಓಡಿಸುತ್ತಿದ್ದವನು ನಾನು. ನವಲಿ ಕಡೆಯ ಗದ್ದೆಗಳಿಂದ ಭತ್ತ ತುಂಬಿಕೊಂಡು ಗಂಗಾವತಿಯ ಮಿಲ್ಲಿಗೆ ಹಾಕುವುದು, ಅಲ್ಲಿಂದ ಅಕ್ಕಿ ಹೇರಿಕೊಂಡು ಯಲಬುರ್ಗಾ, ಕುಷ್ಟಗಿ ಅಂಗಡಿಗಳಿಗೆ ಇಳಿಸುವುದು. ಕೊಯ್ಲಿನ ಹೊತ್ತಿಗೆ ಕಾಲುವೆ ನೀರಿನ ಕೆಸರಿನಲ್ಲಿ ಲಾರಿ ಹೊಟ್ಟೆ ಊರುತ್ತದೆಂದು ಮಾವ ಕುಷ್ಟಗಿಯ ಕಲ್ಲುಕ್ವಾರಿಯವರಿಂದ ದೊಡ್ಡ ಟೈರು ತಂದು ಹಾಕಿಸಿದ. ಲಾರಿ ನಾಲ್ಕು ಬೆರಳು ಎತ್ತರವಾಯಿತು. “ಸಾವ್ಕಾರ್ರ ಲಾರಿ ಹೈಹೀಲ್ಡ್ ಚಪ್ಪಲಿ ಹಾಕ್ಕೊಂಡೈತಿ” ಎಂದು ಮಿಲ್ಲಿನ ಹಮಾಲರು ನಕ್ಕರು.

ಕೆಸರು ದಾಟಿತು. ಏರು ಹತ್ತಲಿಲ್ಲ. ಅದೇ ಎಂಜಿನ್ನು ಅಷ್ಟು ದೊಡ್ಡ ಗಾಲಿ ತಿರುಗಿಸಲಾರದೆ ಸಣ್ಣ ದಿನ್ನೆಗೂ ಏದುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಎವರೇಜು ಬಿತ್ತು. ಮಾವ ಪ್ರತಿ ಸಲ ಬಂಕಿನಲ್ಲಿ ಟ್ಯಾಂಕು ತುಂಬಿಸಿ, ಮೀಟರು ನೋಡಿ, ಲೀಟರಿಗೆ ಎಷ್ಟು ಓಡಿತೆಂದು ಬಾಯಲ್ಲೇ ಭಾಗಿಸುತ್ತಿದ್ದ.

“ಡೀಸಲ್ ಎಲ್ಲಿ ಹೋತ್ಲೇ?”

“ಗಾಲಿ ದೊಡ್ಡವಾಗ್ಯಾವ ಮಾಮಾ. ಒಂದು ಸುತ್ತಿಗೆ ಹೆಚ್ಚು ದಾರಿ ಹೋಗ್ತಾವ. ಮೀಟರಿಗೆ ಅದು ಗೊತ್ತಿಲ್ಲ, ಹಳೀ ಗಾಲಿ ಲೆಕ್ಕಾನ ಹಿಡೀತೈತಿ. ರಸ್ತಾದಾಗಿನ ಕಿಲೋಮೀಟರ್ ಕಲ್ಲು ನೋಡ್ರಿ ಬೇಕಾರ.”

“ಕಲ್ಲು ಸರಕಾರದ್ದು. ಮೀಟರ್ ನಂದು.”

ಅಷ್ಟು ಹೇಳಿ, ಬಂಕಿನ ಸಾಲಿನಲ್ಲಿ ನಿಂತವರ ಕಡೆ ತಿರುಗಿದ. “ಅಕ್ಕನ ಮಗ ಅಂತ ಲಾರಿ ಕೊಟ್ಟೆ ನೋಡ್ರಿ. ನಮ್ಮಕ್ಕ ಇವಗ ಹಾಲು ಕುಡಿಸ್ಯಾಳೋ, ಡೀಸಲ್ ಕುಡಿಸ್ಯಾಳೋ!” ಜನ ನಕ್ಕರು. ನಾನೂ ನಕ್ಕೆನೇ? ನಕ್ಕಿರಬೇಕು. ಬೇರೆ ಏನು ಮಾಡಬಹುದಿತ್ತೆಂದು ಈಗಲೂ ತೋಚಿಲ್ಲ.

ಮುಂದೆ ಯಲಬುರ್ಗಾ ರಸ್ತೆಯ ಏರಿನಲ್ಲಿ ಅಕ್ಕಿ ಲೋಡಿನ ಸಮೇತ ಲಾರಿ ನಿಂತುಬಿಟ್ಟಿತು. ಮಾವ ನನ್ನ ಪಕ್ಕದಲ್ಲೇ ಕೂತಿದ್ದ. ಲಾರಿ ಹಿಂದಕ್ಕೆ ಜಾರತೊಡಗಿತು. ಮಾವ ಹಾರಿ ಇಳಿದು, ಧೋತರ ಎತ್ತಿಕಟ್ಟಿ, ಕಲ್ಲು ಹುಡುಕಿ ಗಾಲಿಗೆ ಅಡ್ಡ ಕೊಟ್ಟ. ಕನ್ನಡಿಯಲ್ಲಿ ಅವನು ಓಡುವುದನ್ನು ನೋಡಿ ನನಗೆ ಹಿತವಾಯಿತು. ಇದನ್ನು ಮಾತ್ರ ನೆನಪು ತಿದ್ದಿಲ್ಲ.

ಕುಷ್ಟಗಿಯ ಗ್ಯಾರೇಜಿನಲ್ಲಿ ಮೇಸ್ತ್ರಿ ಹಿಂದಿನ ಗಾಲಿಗಳ ನಡುವಿನ ಹೌಸಿಂಗ್ ಬಿಚ್ಚಿ, ಕಪ್ಪು ಎಣ್ಣೆ ಸುರಿಸಿ, ಕ್ರೌನು ಮತ್ತು ಪಿನಿಯನ್ನು ಹೊರತೆಗೆದ. ಎಂಜಿನ್ನಿನ ಸುತ್ತನ್ನು ಗಾಲಿಗೆ ದಾಟಿಸುವ ಹಲ್ಲುಚಕ್ರಗಳ ಜೋಡಿ ಅದು. ಹಲ್ಲಿನ ಲೆಕ್ಕ ಬೇರೆ ಇರುವ ಜೋಡಿ ಹಾಕಿದರೆ, ಗಾಲಿ ಒಂದು ಸುತ್ತು ಹಾಕಲು ಎಂಜಿನ್ ಕಡೆಯಿಂದ ಬರುವ ಶಾಫ್ಟು ಹೆಚ್ಚು ಸುತ್ತು ತಿರುಗುತ್ತದೆ. ಎಳೆಯುವ ಬಲ ಬರುತ್ತದೆ. ಶಾಫ್ಟಿನ ಸುತ್ತನ್ನೇ ಎಣಿಸುವ ಮೀಟರೂ ಸರಿಹೋಗುತ್ತದೆ.

“ದೊಡ್ಡ ಟೈರ್ ಹಾಕೂ ಮೊದಲ ಕ್ರೌನ್ ಬದಲಿ ಮಾಡಬೇಕಿತ್ರಿ ಸಾವ್ಕಾರ್ರ. ಇನ್ನ ಮೀಟರ್ ಖರೇ ಹೇಳ್ತೈತಿ ಬಿಡ್ರಿ,” ಎಂದ ಮೇಸ್ತ್ರಿ.

“ನಿನಗೂ ಪಾಲು ಕೊಡ್ತಾನೇನು ಇಂವಾ?” ಎಂದ ಮಾವ.

ಮೇಸ್ತ್ರಿ ಗುಟ್ಕಾ ಉಗುಳಿದ. “ನಿಮ್ಮ ಮನಿ ಜಗಳ ಹೊರಗ ಮಾಡ್ರಿ. ಇಲ್ಲಿ ಎಣ್ಣಿ ಚೆಲ್ಲೈತಿ, ಜಾರಿ ಬೀಳ್ತೀರಿ.”

ಮಾವ ಎದ್ದುಹೋದ. ಮರಳಿ ಬಂದಾಗ ಕೈಯಲ್ಲಿ ಹೊಸ ಬೀಗವಿತ್ತು. ಅದನ್ನು ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಹಾಕಿ, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಇದು ಕ್ರೌನು ಕೂಡಿಸುವ ಮೊದಲೋ, ಆಮೇಲೋ? ನೆನಪು ನಾನೇ ನೇಮಿಸಿದ ವಕೀಲ, ನನಗೆ ಬೇಕಾದದ್ದನ್ನೇ ಹೇಳುತ್ತದೆ. ಎರಡೂ ಒಂದೇ ಮಧ್ಯಾಹ್ನ ಆದವು, ಬೇವಿನ ಮರದ ನೆರಳಿನಲ್ಲಿ. ಬೇವಿನ ಮರ ಇತ್ತೇ? ತಗಡಿನ ನೆರಳು ಇರಬೇಕು.

ಮುಂದಿನ ಸಲ ಬಂಕಿನಲ್ಲಿ ಎವರೇಜು ಹಳೆಯ ಲೆಕ್ಕಕ್ಕೆ ಬಂದು ನಿಂತಿತು. ಮಾವ ಧೋತರ ಸರಿಸಿ, ಉಡದಾರ ಎಳೆದು, ಕೀಲಿಯನ್ನು ಎಲ್ಲರಿಗೂ ತೋರಿಸಿದ.

“ನೋಡ್ರಿ, ಬೀಗ ಬಿದ್ದ ಮ್ಯಾಲೆ ಡೀಸಲ್ ಹೆಂಗ ಉಳೀತು!”

“ಬೀಗ ಅಲ್ಲ ಮಾಮಾ, ಕ್ರೌನ್. ಒಂದ ಟ್ರಿಪ್ ಬೀಗ ತಗದು ಕಳಸ್ರಿ. ನಿಮಗ ಗೊತ್ತಾಗತೈತಿ.”

“ಅಬಾಬಾ! ಬೀಗ ತಗೀರಿ ಅಂತ ಯಾರು ಕೇಳಾಕತ್ಯಾನ ನೋಡ್ರಿ!”

ಮತ್ತೆ ನಗು. ಈ ಸಲ ನಾನು ನಗಲಿಲ್ಲ. ಲಾರಿ ಕೀಲಿಯನ್ನು ಅವನ ಮುಖಕ್ಕೆ ಎಸೆದೆ ಎಂದು ಹೆಂಡತಿಗೆ ಹೇಳಿದ್ದೇನೆ. ಸೀಟಿನ ಮೇಲೆ ಇಟ್ಟಿರಬೇಕು, ಅದೂ ಸದ್ದಾಗದಂತೆ. ಆಮೇಲೆ ಬಸ್ಸು ಹಿಡಿದು ಮನೆಗೆ ಬಂದೆ.

ಈಗ ಬೇರೆಯವರ ಲಾರಿ ಓಡಿಸುತ್ತೇನೆ. ಅದರ ಟೈರು ಕಂಪನಿಯಿಂದಲೇ ಬಂದವು, ಕ್ರೌನೂ ಕಂಪನಿಯದೇ. ನಾನು ಸೇರಿದ ದಿನವೇ ಮಾಲೀಕ ಟ್ಯಾಂಕಿಗೆ ಬೀಗ ತಂದ. ನನ್ನ ಬಗ್ಗೆ ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಎವರೇಜು ಸರಿಯಾಗಿಯೇ ಬರುತ್ತದೆ. ಹಾಗಾಗಿ ಬೀಗ ತೆಗೆಯಲು ಅವನಿಗೂ ಕಾರಣವಿಲ್ಲ.