ಮಾಸ್ತರರು ಹೇಳಿದ ಮೂವತ್ತೆರಡು ಇಂಚು

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷದ ಮಾತು. ಟಿಕೋಟಾ, ಬಬಲೇಶ್ವರ ಕಡೆ ಸರಕಾರಿ ವೈದ್ಯೆಯಾಗಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಮೇಲೆ ನಾನು ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸಣ್ಣದೊಂದು ಕ್ಲಿನಿಕ್ ತೆರೆದಿದ್ದೆ. ಸಿಟ್ಟಿನ ಡಾಕ್ಟರ್ ಎಂಬ ಹೆಸರೂ ನನ್ನ ಹಿಂದೆಯೇ ಬಂದಿತ್ತು. ಬರಲಿ ಬಿಡಿ, ಅದೇನು ಸುಳ್ಳಲ್ಲ.

ಅಲ್ಲಿಗೆ ಬಂದವರು ದಸ್ತಗೀರ್ ಮಾಸ್ತರ್. ಮೂಲತಃ ಬಬಲೇಶ್ವರದವರು, ವಯಸ್ಸು ಐವತ್ತೊಂದು, ವಿಜಯಪುರದಲ್ಲೇ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಟೇಲರ್ ಅಂಗಡಿ. ನಮ್ಮ ಮನೆಯವರ ಪ್ಯಾಂಟುಗಳನ್ನೆಲ್ಲ ಹೊಲಿದವರು ಅವರೇ. ತೆಳ್ಳನೆಯ ಕೈಕಾಲು, ಮೊಣಕಾಲು ಮುಟ್ಟುವ ಸಡಿಲ ಜುಬ್ಬಾ. ಮಧ್ಯಾಹ್ನವಾದರೆ ಸಾಕು, ಮಶೀನು ತುಳಿಯಲಾರದಷ್ಟು ಸುಸ್ತು ಎಂದರು. ಆರು ತಿಂಗಳ ಹಿಂದೆ ಅವರ ತಮ್ಮ ನಲವತ್ತಾರನೇ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡಿದ್ದ.

"ಬಾಯಾರ, ನಾ ಏನ್ ದಪ್ಪ ಇಲ್ರಿ. ನನ್ನ ತಮ್ಮನೂ ದಪ್ಪ ಇರಲಿಲ್ಲ. ಅವಗ ಆದದ್ದು ನನಗೂ ಆಗತೈತೇನು? ಅಷ್ಟ ಹೇಳಿಬಿಡ್ರಿ," ಎಂದರು.

ತೂಕ ಅರವತ್ತಾರು ಕಿಲೋ, ಎತ್ತರಕ್ಕೆ ತಕ್ಕದ್ದೇ. ಸೊಂಟದ ಸುತ್ತಳತೆ ನೋಡೋಣ ಎಂದು ಟೇಪು ಕೈಗೆತ್ತಿಕೊಂಡೆ. ಮಾಸ್ತರರು ನಕ್ಕುಬಿಟ್ಟರು. "ಟೇಲರಿಗೇ ಟೇಪ್ ಹಚ್ಚತೀರೇನ್ರಿ? ಮೂವತ್ತೆರಡು ಬರಕೊಳ್ರಿ. ಇಪ್ಪತ್ತು ವರ್ಷದಿಂದ ಅಷ್ಟ ಐತಿ."

ನಾನೂ ನಕ್ಕೆ. ಹೊರಗೆ ಹದಿನೈದು ಜನ ಕಾಯುತ್ತಿದ್ದರು. ಮೂವತ್ತೆರಡು ಎಂದು ಬರೆದುಕೊಂಡೆ. ಮಂಚದ ಮೇಲೆ ಮಲಗಿಸಿ, ಜುಬ್ಬಾದ ಮೇಲಿಂದಲೇ ಹೊಟ್ಟೆ ಒತ್ತಿ ನೋಡಿ, ಏಳಿ ಎಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ರಿಪೋರ್ಟುಗಳು ಬಂದ ಮೇಲೆ ತಲೆ ಕೆಟ್ಟುಹೋಯಿತು. ಇಸಿಜಿ ಸರಿಯಾಗಿತ್ತು. ಆದರೆ ಬಿ.ಪಿ. 146/92, ಖಾಲಿ ಹೊಟ್ಟೆಯ ಸಕ್ಕರೆ 114, ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು 260, ಮೂರೂ ಇರಬೇಕಾದ್ದಕ್ಕಿಂತ ಹೆಚ್ಚು. ಜೊತೆಗೆ ಸಿಆರ್‌ಪಿ 6.5. ದೇಹದಲ್ಲಿ ಎಲ್ಲಾದರೂ ಉರಿಯೂತವಿದ್ದರೆ ಏರುವ ಅಂಶ ಇದು, ಮೂರರೊಳಗೆ ಇರಬೇಕು. ಸೊಂಟ ಮೂವತ್ತೆರಡರ ತೆಳ್ಳನೆಯ ಮನುಷ್ಯನಿಗೆ ಇವೆಲ್ಲ ಯಾಕೆ? ಉರಿಯುತ್ತಿರುವುದಾದರೂ ಎಲ್ಲಿ? ಹಲ್ಲಿನ ಡಾಕ್ಟರಿಗೆ ತೋರಿಸಿದೆ, ಮೂತ್ರ ನೋಡಿದೆ, ಕ್ಷಯವಿರಬಹುದೆಂದು ಎದೆಯ ಎಕ್ಸ್‌ರೇ ತೆಗೆಸಿದೆ. ಏನೂ ಸಿಗಲಿಲ್ಲ. ಲ್ಯಾಬಿನವರಿಗೆ ಫೋನ್ ಮಾಡಿ ಬೈದೆ. ಪಾಪ, ಅವರ ತಪ್ಪೇನೂ ಇರಲಿಲ್ಲ. ಮೂರು ವಾರ ಬಿಟ್ಟು ಬೇರೆ ಕಡೆ ಮಾಡಿಸಿದರೂ ಸಿಆರ್‌ಪಿ 7. ಬಿ.ಪಿ.ಗೆ ಮಾತ್ರೆ ಕೊಟ್ಟು ಕಳಿಸಿದೆ.

ಪ್ರತಿ ಸಲವೂ ಮಾಸ್ತರರ ಪ್ರಶ್ನೆ ಒಂದೇ. "ತಮ್ಮನಂಗ ಆಗತೈತೇನ್ರಿ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರದೆ, "ಸುಮ್ನ ಚಿಂತಿ ಮಾಡಬ್ಯಾಡ್ರಿ" ಎಂದು ಗದರಿಸುತ್ತಿದ್ದೆ.

ಒಂದು ಭಾನುವಾರ ನಮ್ಮ ಮನೆಯವರ ಜೊತೆ ಅವರ ಅಂಗಡಿಗೆ ಹೋದೆ, ಮದುವೆಯೊಂದಕ್ಕೆ ಪ್ಯಾಂಟ್ ಹೊಲಿಸಲು. ನಮ್ಮವರ ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳವಾಡುವಂಥದ್ದು. ಮಾಸ್ತರರು ಟೇಪನ್ನು ಹೊಟ್ಟೆಯ ಕೆಳಗೆ, ಬೆಲ್ಟ್ ಕೂರುವಲ್ಲಿ ಸುತ್ತಿ, "ಮೂವತ್ನಾಕು" ಎಂದು ಪುಸ್ತಕದಲ್ಲಿ ಬರೆದರು.

"ಇವರ ಹೊಟ್ಟಿ ಮೂವತ್ನಾಕಾ?" ಎಂದೆ.

"ಹೊಟ್ಟಿ ಯಾರ ಅಳೀತಾರ್ರಿ ಬಾಯಾರ? ಪ್ಯಾಂಟ್ ಎಲ್ಲಿ ಕಟ್ಟತಾರೋ ಅಲ್ಲೇ ಅಳತಿ. ಹೊಟ್ಟಿ ಅಳದು ಹೊಲದ್ರ ಪ್ಯಾಂಟ್ ಜಾರಿ ಕೆಳಗ ಬೀಳತೈತಿ."

"ಮಾಸ್ತರ, ನೀವು ನನಗ ಹೇಳಿದ ಮೂವತ್ತೆರಡು ಎಲ್ಲಿಂದು?"

"ಇಲ್ಲಿಂದ ರೀ," ಎಂದು ಅವರು ಜುಬ್ಬಾದ ಮೇಲೆಯೇ ಕಿಬ್ಬೊಟ್ಟೆ ಮುಟ್ಟಿ ತೋರಿಸಿದರು.

ಅವರ ಕೊರಳಲ್ಲಿದ್ದ ಟೇಪನ್ನೇ ಎಳೆದುಕೊಂಡೆ. "ಜುಬ್ಬಾ ಎತ್ರಿ." ಗಿರಾಕಿಗಳು ನೋಡುತ್ತಿದ್ದರು, ಅವರು ಸಂಕೋಚದಿಂದ ಮುದುಡಿದರು. ಪಕ್ಕೆಲುಬಿನ ಕೊನೆಗೂ ಸೊಂಟದ ಎಲುಬಿಗೂ ನಡುವೆ ಟೇಪು ಸುತ್ತಿದೆ. ಮೂವತ್ತೇಳೂವರೆ ಇಂಚು, ಅಂದರೆ ತೊಂಬತ್ತೈದು ಸೆಂಟಿಮೀಟರ್. ನಮ್ಮ ಗಂಡಸರಿಗೆ ತೊಂಬತ್ತು ದಾಟಿದರೆ ಎಚ್ಚರಿಕೆ ಬೇಕು. ತೆಳ್ಳನೆಯ ಕೈಕಾಲುಗಳ ನಡುವೆ, ಜುಬ್ಬಾದ ಮರೆಯಲ್ಲಿ, ಗಟ್ಟಿಯಾದ ದುಂಡು ಹೊಟ್ಟೆ.

ಚರ್ಮದ ಕೆಳಗಿನ, ಚಿವುಟಿದರೆ ಕೈಗೆ ಸಿಗುವ ಕೊಬ್ಬು ಬೇರೆ. ಕರುಳು, ಯಕೃತ್ತಿನ ಸುತ್ತ ಒಳಗೇ ತುಂಬಿಕೊಳ್ಳುವ ಕೊಬ್ಬು ಬೇರೆ. ಈ ಎರಡನೆಯದು ಅತಿಯಾದಾಗ ಅದರಲ್ಲಿ ಸಣ್ಣಗೆ, ನೋವಿಲ್ಲದೆ, ವರ್ಷಗಟ್ಟಲೆ ಉರಿಯೂತ ನಡೆದಿರುತ್ತದೆ. ಅದರಿಂದ ಹೊರಡುವ ರಾಸಾಯನಿಕಗಳು ಇನ್ಸುಲಿನ್ ಕೆಲಸ ಕೆಡಿಸುತ್ತವೆ, ರಕ್ತನಾಳಗಳ ಒಳಗೋಡೆಯನ್ನೂ ಹಾಳು ಮಾಡುತ್ತವೆ. ಸಕ್ಕರೆ, ಬಿ.ಪಿ., ಟ್ರೈಗ್ಲಿಸರೈಡ್ ಎಲ್ಲವೂ ಒಟ್ಟಿಗೆ ಏರುವುದು ಹೀಗೆ. ಓದಿದ್ದೆ, ಹತ್ತು ಜನರಿಗೆ ಹೇಳಿಯೂ ಇದ್ದೆ. ಒಂದು ತಪ್ಪು ಸಂಖ್ಯೆ ನನ್ನ ಕಣ್ಣು ಕಟ್ಟಿತ್ತು.

ಮರುದಿನವೇ ಹೃದ್ರೋಗ ತಜ್ಞರ ಬಳಿ ಕಳಿಸಿದೆ. ಓಡಿಸಿ ನೋಡುವ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ವ್ಯತ್ಯಾಸ ಕಂಡಿತು. ಆಂಜಿಯೋಗ್ರಾಮ್ ಮಾಡಿದಾಗ ಹೃದಯದ ಮುಖ್ಯ ರಕ್ತನಾಳವೊಂದು ಮುಕ್ಕಾಲು ಪಾಲಿಗಿಂತ ಹೆಚ್ಚು ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದರು. ಈಗ ಮಾಸ್ತರರು ಬೆಳಿಗ್ಗೆ ಭೂತನಾಳ ಕೆರೆಯ ತನಕ ನಡೆಯುತ್ತಾರೆ. ಹೊಟ್ಟೆ ಮೂವತ್ತೈದಕ್ಕೆ ಇಳಿದಿದೆ, ಸಿಆರ್‌ಪಿಯೂ ಇಳಿದಿದೆ. ಆ ಸಿಆರ್‌ಪಿ ಪೂರ್ತಿ ಹೊಟ್ಟೆಯ ಕೊಬ್ಬಿನದೇ ಆಗಿತ್ತೇ, ರಕ್ತನಾಳದ್ದೂ ಇತ್ತೇ? ಖಚಿತವಾಗಿ ಹೇಳಲಾರೆ. ಆ ಗೊಂದಲ ನನಗಿನ್ನೂ ಇದೆ.

ಹೋದ ತಿಂಗಳು ಅಂಗಡಿಗೆ ಹೋದಾಗ ಅಳತೆ ಪುಸ್ತಕ ತೆರೆದು ತೋರಿಸಿದರು. ಪ್ರತಿ ಹೆಸರಿನ ಮುಂದೆ ಈಗ ಎರಡು ಸಂಖ್ಯೆ, ಪ್ಯಾಂಟಿನದೊಂದು, ಹೊಟ್ಟೆಯದೊಂದು. ಅಂತರ ಹೆಚ್ಚಿದ್ದವರನ್ನು ನನ್ನ ಬಳಿ ಅಟ್ಟುತ್ತಾರೆ. ಪುಟ ತಿರುವುತ್ತ ಒಂದು ಹಳೆಯ ಹೆಸರಿನ ಮೇಲೆ ಅವರ ಬೆರಳು ನಿಂತಿತು.

"ನನ್ನ ತಮ್ಮಂದ್ರಿ. ಮೂವತ್ತೆರಡು ಬರದೀನಿ. ನಾನ ಅಳದಿದ್ದೆ. ಇನ್ನ ನಾಕ ಇಂಚ ಮ್ಯಾಲ ಟೇಪ್ ಹಿಡದಿದ್ರ..."

ಈ ಸಲ ಗದರಿಸಲಿಲ್ಲ. "ನನಗೂ ಗೊತ್ತಿಲ್ಲ ಮಾಸ್ತರ," ಎಂದೆ.

ರೋಗಿ ಎಂಥ ಅನುಭವಿಯೇ ಇರಲಿ, ಅಳತೆಯನ್ನು ಕೇಳಿ ಬರೆದುಕೊಳ್ಳಬಾರದು, ನಾವೇ ಅಳೆಯಬೇಕು. ವೃತ್ತಿ ನನಗೆ ಅದನ್ನು ಕಲಿಸಿದ್ದು ನಿವೃತ್ತಳಾದ ಮೇಲೆ. ಅವರ ತಮ್ಮನ ಹೆಸರಿನ ಮುಂದೆ ಎರಡನೆಯ ಸಂಖ್ಯೆಯ ಜಾಗ ಖಾಲಿಯೇ ಇದೆ.